ನಾಲ್ಕು ನಿಮಿಷ ಮುಂದಿದ್ದ ಗಡಿಯಾರ

ಈ ಪ್ರವಾಸದ ಬಗ್ಗೆ ಬರೆಯಿರಿ ಎಂದು ಗೆಳೆಯರು ಹೇಳಲು ಶುರುಮಾಡಿ ಒಂದೂವರೆ ವರ್ಷವಾಯಿತು. ಮೊದಲು ಕನ್ನಡಕ ಸರಿಯಿಲ್ಲ ಎಂದೆ. ಕನ್ನಡಕ ಬದಲಾಯಿಸಿದ ಮೇಲೆ, ಮಳೆಗಾಲ ಮುಗಿಯಲಿ ಎಂದೆ. ಮಳೆಗಾಲ ಎರಡು ಮುಗಿದವು. ನಿಜ ಹೇಳಬೇಕೆಂದರೆ ಆ ದ್ವೀಪದ ಬಾಳೆಹಣ್ಣಿನ ಬಗ್ಗೆ, ಬಸ್ಸಿನ ಬಗ್ಗೆ, ಬೇಡಿ ತಿನ್ನುವ ಕಾಗೆಗಳ ಬಗ್ಗೆ ಬರೆಯಲು ನನಗೇನೂ ಕಷ್ಟವಿಲ್ಲ. ಆದರೆ ಅಲ್ಲಿಯ ಬೆಟ್ಟದ ಮೇಲೆ ನೋಡಿದ್ದನ್ನು ಬರೆಯಹೊರಟರೆ ಇಲ್ಲಿ ಮೂವತ್ತು ವರ್ಷಗಳ ಹಿಂದೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ನಾನು ಒಬ್ಬ ಮನುಷ್ಯನ ಕೆಲಸ ಕಳೆದವನು. ಅವರ ಬಾಯಲ್ಲಿ ಸತ್ಯವಿತ್ತು, ನನ್ನ ಕೈಯಲ್ಲಿ ಗಡಿಯಾರವಿತ್ತು. ಗಡಿಯಾರ ಗೆದ್ದಿತು. ಅವರ ಹೆಸರು ಬರೆಯಲು ಈಗಲೇ ಕೈ ಏಳುವುದಿಲ್ಲ. ಬರೆಯುತ್ತಾ ಹೋದಂತೆ ಎದ್ದೀತು.

ಗುರುವಾಯನಕೆರೆ

ನಾನು ಓದಿದ್ದು ಹತ್ತನೇ ತರಗತಿಯವರೆಗೆ. ಇಪ್ಪತ್ತೊಂಬತ್ತು ವರ್ಷ ಗುರುವಾಯನಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದೆ. ನಮ್ಮ ಜಿಲ್ಲೆಯ ಹೊರಗಿನವರಿಗೆ ಈ ಕೆಲಸ ಏನೆಂದು ಹೇಳಬೇಕು. ಇಲ್ಲಿ ಖಾಸಗಿ ಬಸ್ಸುಗಳು ಒಂದರ ಬೆನ್ನಿಗೊಂದು ಓಡುತ್ತವೆ. ಮುಂದಿನ ಬಸ್ಸು ನಾಲ್ಕು ನಿಮಿಷ ತಡೆದು ನಿಂತರೆ ಹಿಂದಿನ ಬಸ್ಸಿಗೆ ಸಿಗಬೇಕಾದ ಜನರೆಲ್ಲ ಅದಕ್ಕೇ ಹತ್ತುತ್ತಾರೆ. ಆಮೇಲೆ ಡ್ರೈವರುಗಳ ಜಗಳ, ಕಂಡಕ್ಟರುಗಳ ಕೊರಳಪಟ್ಟಿ ಹಿಡಿದಾಟ. ಅದನ್ನು ತಪ್ಪಿಸಲು ಬಸ್ ಮಾಲಕರು ಸೇರಿ ಸ್ಟ್ಯಾಂಡಿಗೊಬ್ಬನನ್ನು ಕೂರಿಸುತ್ತಾರೆ. ಅವನ ಹತ್ತಿರ ಒಂದು ಪುಸ್ತಕ, ಒಂದು ವಿಸಿಲ್, ಒಂದು ಗಡಿಯಾರ. ಬಸ್ಸು ಬಂದ ನಿಮಿಷ, ಬಿಟ್ಟ ನಿಮಿಷ ಬರೆಯಬೇಕು. ಅವನು ಬರೆದದ್ದೇ ಕೊನೆಯ ಮಾತು.

ಟೈಮ್ ಕೀಪರುಗಳು ಒಬ್ಬರನ್ನೊಬ್ಬರು ಸ್ಟ್ಯಾಂಡಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ನಾನು 'ಗುರುವಾಯನಕೆರೆ', ಮೇಲೆ ಹೇಳಿದ ಅವರು 'ಮೂಡುಬಿದಿರೆ'. ಮೂಡುಬಿದಿರೆಯಿಂದ ವೇಣೂರು ಮಾರ್ಗವಾಗಿ ನಮ್ಮಲ್ಲಿಗೆ ಬರುವ ಬಸ್ಸು ಅಲ್ಲಿ ಬಿಟ್ಟದ್ದನ್ನು ಅವರು ಬರೆಯುತ್ತಿದ್ದರು, ಇಲ್ಲಿ ಮುಟ್ಟಿದ್ದನ್ನು ನಾನು ಬರೆಯುತ್ತಿದ್ದೆ. ಎರಡು ಪುಸ್ತಕ ಒಟ್ಟಿಗೆ ಇಟ್ಟರೆ ನಡುದಾರಿಯಲ್ಲಿ ಏನಾಯಿತೆಂದು ಗೊತ್ತಾಗುತ್ತಿತ್ತು.

ನನ್ನ ತಂಗಿಯ ಮಗಳು ನಿಶ್ಮಿತಾ ಗಡಿಯಾರ ನೋಡಲು ಕಲಿತದ್ದು ನನ್ನ ಆ ಮೇಜಿನ ಮೇಲೆ. ಈಗ ಅವಳು ಆಫ್ರಿಕಾದ ಪಕ್ಕದ ಸಮುದ್ರದಲ್ಲಿರುವ ಲಾ ಪಾಲ್ಮಾ ಎಂಬ ಸ್ಪೇನಿನ ದ್ವೀಪದಲ್ಲಿ, ದೂರದರ್ಶಕವಿರುವ ಕಡೆ ಕೆಲಸದಲ್ಲಿದ್ದಾಳೆ. ಒಂದು ದಿನ ಫೋನ್ ಮಾಡಿ, "ಮಾವ, ಗಡಿಯಾರ ನೋಡ್ಲಿಕ್ಕೆ ಕಲಿಸಿದ್ದು ನೀವು. ಈಗ ನನ್ನ ಗಡಿಯಾರ ಹೇಗುಂಟು ಅಂತ ಬಂದು ನೋಡಿ. ಟಿಕೆಟ್ ತೆಗೆದಾಗಿದೆ" ಎಂದಳು.

ನನ್ನ ಹೆಂಡತಿ ಲೀಲಾಳಿಗೆ ವಿಮಾನವೆಂದರೆ ಭಯ. "ನೀವೊಬ್ರೇ ಹೋಗಿ ಬನ್ನಿ. ಬಿದ್ರೆ ಒಬ್ಬರಾದ್ರೂ ಉಳಿಯುವ" ಎಂದು ಧೈರ್ಯ ಹೇಳಿ, ಎರಡು ಕಿಲೋ ಸಾಂತಾಣಿ ಕಟ್ಟಿಕೊಟ್ಟಳು. ಹಲಸಿನ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಕಲ್ಲಿನ ಹಾಗೆ ಒಣಗಿಸುವ ನಮ್ಮ ತಿಂಡಿ ಅದು.

ಮ್ಯಾಡ್ರಿಡ್

ಆ ಸಾಂತಾಣಿಯೇ ಮ್ಯಾಡ್ರಿಡ್‌ನಲ್ಲಿ ನನ್ನನ್ನು ಹಿಡಿಸಿತು. ವಿಮಾನ ಬದಲಿಸುವಲ್ಲಿ ಚೀಲವನ್ನು ಯಂತ್ರದೊಳಗೆ ಬಿಟ್ಟರು. ಪರದೆಯ ಮೇಲೆ ನೂರಾರು ಉರುಟು ಕಲ್ಲುಗಳು ಕಂಡಿರಬೇಕು. ಕಾವಲಿನ ಹೆಂಗಸು ಕೈಗವಸು ಹಾಕಿ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಮೇಜಿಗೆ ಕುಟ್ಟಿ ನೋಡಿದಳು. ಟಕ್ ಎಂದು ಸದ್ದು ಬಂತು. ಇನ್ನಿಬ್ಬರು ಬಂದರು. ನನಗೆ ಅವರ ಭಾಷೆ ಬಾರದು, ಅವರಿಗೆ ಹಲಸು ಗೊತ್ತಿಲ್ಲ. ಕೊನೆಗೆ ನಾನೇ ಒಂದನ್ನು ಬಾಯಿಗೆ ಹಾಕಿ ದವಡೆಯಲ್ಲಿ ಒತ್ತಿಟ್ಟುಕೊಂಡೆ. ಸಾಂತಾಣಿ ಮೆತ್ತಗಾಗಲು ಐದು ನಿಮಿಷ ಬೇಕೆಂದು ತಿಂದವರಿಗೆ ಗೊತ್ತು. ಐದು ನಿಮಿಷ ಅವರು ಮೂವರೂ ನನ್ನ ಮುಖ ನೋಡುತ್ತಾ ನಿಂತರು. ನಾನು ಸಾಯಲಿಲ್ಲ. ಆ ಹೆಂಗಸು ತಾನೂ ಒಂದನ್ನು ಬಾಯಿಗೆ ಹಾಕಿಕೊಂಡು ಚೀಲ ವಾಪಸು ಕೊಟ್ಟಳು. ನಾನು ಮೂಲೆ ತಿರುಗುವವರೆಗೂ ಅವಳ ಕೆನ್ನೆ ಉಬ್ಬಿಕೊಂಡೇ ಇತ್ತು.

ಸಾಂತಾ ಕ್ರೂಸ್, ಬಂದರು

ದ್ವೀಪದ ಊರು ಸಾಂತಾ ಕ್ರೂಸ್. ಸಮುದ್ರಕ್ಕೆ ಮುಖಮಾಡಿದ ಮರದ ಉಪ್ಪರಿಗೆಗಳು, ಹಿಂದೆ ಎದ್ದು ನಿಂತ ಗುಡ್ಡ. ಗುಡ್ಡದ ತುಂಬ ಬಾಳೆ. ನೋಡಿ ನನಗೆ ನಗು ಬಂತು. ಇಷ್ಟು ದೂರ ಹಾರಿ ಬಂದದ್ದು ಬಾಳೆಗಿಡ ನೋಡಲಿಕ್ಕೋ? ಹಣ್ಣು ನಮ್ಮ ಕದಳಿಗಿಂತ ಉದ್ದ, ನೇಂದ್ರಕ್ಕಿಂತ ಗಿಡ್ಡ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ. ಸಿಹಿ ಚೆನ್ನಾಗಿದೆ. ಆದರೆ ಅವರು ಹೂವನ್ನು ಎಸೆಯುತ್ತಾರೆ, ದಿಂಡನ್ನೂ ಎಸೆಯುತ್ತಾರೆ. ಪಕ್ಕದ ಮನೆಯ ಮುದುಕಿಯ ತೋಟದಿಂದ ಒಂದು ಹೂವನ್ನು ಕೇಳಿ ತಂದು ಪಲ್ಯ ಮಾಡಿ ಕೊಟ್ಟೆ. ಅವಳು ತಿಂದು ಏನೋ ಹೇಳಿದಳು. "ಏನಂತೆ?" ಎಂದು ನಿಶ್ಮಿತಾಳನ್ನು ಕೇಳಿದೆ. "ಇಷ್ಟು ವರ್ಷ ಎಸೆದದ್ದಕ್ಕೆ ಬೇಜಾರಿಲ್ಲ ಅಂತೆ" ಎಂದಳು.

ನನಗೆ ಅಲ್ಲಿ ಬಹಳ ಹಿಡಿಸಿದ್ದು ರೇಡಿಯೋ. ಸ್ಪೇನಿನ ಮುಖ್ಯ ನೆಲದ ಸಮಯಕ್ಕೂ ಈ ದ್ವೀಪಗಳ ಸಮಯಕ್ಕೂ ಒಂದು ಗಂಟೆಯ ವ್ಯತ್ಯಾಸ. ಹಾಗಾಗಿ ಸಮಯ ಹೇಳಿದಾಗಲೆಲ್ಲ, "ದ್ವೀಪಗಳಲ್ಲಿ ಒಂದು ಗಂಟೆ ಕಡಿಮೆ" ಎಂದು ಸೇರಿಸುತ್ತಾರೆ. ದಿನಕ್ಕೆ ಹತ್ತಿಪ್ಪತ್ತು ಸಲ, ಬೇಸರವಿಲ್ಲದೆ. ನನ್ನ ಗಡಿಯಾರ ಒಂದು, ನಿನ್ನದು ಇನ್ನೊಂದು ಎಂದು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ದೇಶವನ್ನು ನಾನು ಮೊದಲು ಕಂಡಿರಲಿಲ್ಲ.

ಬಸ್ಸಿಗೆ ಅಲ್ಲಿಯವರು 'ಗುವಾಗುವಾ' ಎನ್ನುತ್ತಾರೆ, ಅಳುವ ಮಗುವನ್ನು ಕರೆದ ಹಾಗೆ. ಮೂರನೇ ದಿನ ನಾನೊಬ್ಬನೇ ಹತ್ತಿದೆ. ಕಂಡಕ್ಟರ್ ಇಲ್ಲ. ವಿಸಿಲ್ ಇಲ್ಲ. ಸ್ಟ್ಯಾಂಡಿನಲ್ಲಿ ಪುಸ್ತಕ ಹಿಡಿದು ಕೂತವರೂ ಇಲ್ಲ. ಒಂದು ಕಡೆ ಡ್ರೈವರ್ ನಿಲ್ಲಿಸಿ, ರಸ್ತೆ ಬದಿಯಲ್ಲಿ ನಿಂತಿದ್ದ ಗೆಳೆಯನೊಡನೆ ಮಾತಿಗೆ ತೊಡಗಿದ. ಯಾರೂ ಏನೂ ಹೇಳಲಿಲ್ಲ. ಹೊತ್ತು ಹೋಯಿತು. ನನ್ನ ಕೈ ತುರಿಸಿತು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ಬಿಟ್ಟೀತೇ? ಬಸ್ಸಿನ ಬದಿಗೆ ಎರಡು ಸಲ ಬಡಿದು, "ಪೋಯಿ ರೈಟ್!" ಎಂದು ನಮ್ಮ ಕಂಡಕ್ಟರುಗಳು ಬಸ್ಸು ಬಿಡಿಸುವ ಹಾಗೆ ಕೂಗಿಯೇಬಿಟ್ಟೆ. ಡ್ರೈವರ್ ಹೆದರಿ ಬಸ್ಸನ್ನು ಎಳೆದ. ಅವನ ಗೆಳೆಯ ಚಾಚಿದ್ದ ಮೊಟ್ಟೆಯ ಡಬ್ಬಿ ಅವನ ಕೈಯಲ್ಲೇ ಉಳಿಯಿತು. ಆಮೇಲೆ ಹಿಂದಕ್ಕೆ ಬಂದು ಮೊಟ್ಟೆ ತೆಗೆದುಕೊಂಡೇ ಹೋದದ್ದು. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿ ನಕ್ಕಿತು. ಇಳಿಯುವಾಗ ಡ್ರೈವರ್ ತಾನೂ ಬದಿಗೆ ಬಡಿದು "ಪೋಯಿ ರೈಟ್" ಎಂದ. ಉಚ್ಚಾರ ನಮ್ಮ ವೇಣೂರಿನ ಕಂಡಕ್ಟರುಗಳಷ್ಟೇ ಸ್ಪಷ್ಟ.

ಬೆಟ್ಟದ ದಾರಿ

ನಾಲ್ಕನೇ ದಿನ ದ್ವೀಪ ಸುತ್ತುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ನಿಶ್ಮಿತಾ ಫೋನ್ ಹಿಡಿದು ಓಡಿ ಬಂದಳು.

"ಮಾವ, ಸುತ್ತುದು ಕ್ಯಾನ್ಸಲ್. ಒಂದು ಎದ್ದಿದೆ!"

"ಏನು ಎದ್ದದ್ದು ಮಾರಾಯ್ತಿ?"

"ಕಪ್ಪುಕುಳಿ!"

ಆ ದಿನವೇ ಅವಳು ಬೆಟ್ಟ ಹತ್ತಿದಳು. ಎರಡು ದಿನ ಬಿಟ್ಟು ನನ್ನನ್ನು ಕರೆದೊಯ್ಯಲು ಇಳಿದು ಬಂದಳು. ಎರಡು ದಿನ ಹಗಲು ಸರಿಯಾಗಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ.

ದಾರಿ ನಮ್ಮ ಚಾರ್ಮಾಡಿ ಘಾಟಿಯ ಅಣ್ಣ. ತಿರುವಿನ ಮೇಲೆ ತಿರುವು. ನಿಂಬೆಹಣ್ಣು ಮೂಸುತ್ತಾ ನಾನು ಕೇಳಿದೆ, ಅವಳು ಕಾರು ಬಿಡುತ್ತಾ ಹೇಳಿದಳು.

"ಒಂದು ದೊಡ್ಡ ನಕ್ಷತ್ರ ಸತ್ತು, ಮುದುಡಿ, ಬೆಳಕೂ ಹೊರಗೆ ಬಾರದ ಕುಳಿ ಆಗಿದೆ. ಅದರ ಪಕ್ಕದಲ್ಲಿ ಒಂದು ಸಾಧಾರಣ ನಕ್ಷತ್ರ. ಈ ಕುಳಿ ಅದರ ಅನಿಲವನ್ನು ಎಳೆದು ಎಳೆದು ಸುತ್ತ ಪೇರಿಸಿಕೊಳ್ತದೆ. ವರ್ಷಗಟ್ಟಲೆ ಸುಮ್ಮನೆ ಇರ್ತದೆ. ಒಂದು ದಿನ ಒಮ್ಮೆಲೇ ಉರಿದು ಏಳ್ತದೆ. ಕೆಲವು ವಾರ ಕಳೆದ್ರೆ ಪುನಃ ತಣ್ಣಗೆ."

"ನಿನ್ನ ಅತ್ತೆಯ ಹಾಗೆ."

"ಅತ್ತೆಗೆ ಹೇಳ್ತೇನೆ ನೋಡಿ! ಅದು ಏಳುವಾಗ ಎಕ್ಸ್‌ರೇ ಹೊರಡ್ತದೆ."

"ಮೂಳೆ ಮುರಿದಾಗ ತೆಗೆಯುವುದಾ?"

"ಅದೇ ಜಾತಿ. ಕುಳಿಯ ತೀರಾ ಹತ್ತಿರದಿಂದ ಬರ್ತದೆ. ಆದ್ರೆ ಭೂಮಿಯ ಗಾಳಿ ಅದನ್ನು ಕೆಳಗೆ ಬಿಡುದಿಲ್ಲ. ಅದನ್ನು ಹಿಡೀಲಿಕ್ಕೆ ಮೇಲೆ ಉಪಗ್ರಹ ಉಂಟು. ಕಣ್ಣಿಗೆ ಕಾಣುವ ಬೆಳಕು ಕುಳಿಯಿಂದ ಸ್ವಲ್ಪ ಆಚೆ ಹುಟ್ಟುದು. ಅದನ್ನು ನಾವು ಬೆಟ್ಟದ ಮೇಲಿಂದ ಹಿಡೀತೇವೆ. ಸೆಕೆಂಡಿಗೆ ನೂರಾರು ಫೋಟೋ."

"ಅಷ್ಟು ಅವಸರ ಯಾಕೆ?"

"ಅದು ಅಷ್ಟು ಬೇಗ ಮಿಣುಕ್ತದೆ ಮಾವ. ಮೊದಲು ಎಕ್ಸ್‌ರೇ ಮಿಣುಕಬೇಕು. ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಕಳೆದು ಬೆಳಕು ಮಿಣುಕಬೇಕು. ಆ ನಡುವಿನ ಹೊತ್ತು ಸರಿಯಾಗಿ ಸಿಕ್ಕಿದ್ರೆ, ಕುಳಿಯ ಬುಡದಿಂದ ಚಿಮ್ಮಿದ್ದು ಎಷ್ಟು ದೂರ ಹೋಗಿ ಬೆಳಗಿತು ಅಂತ ಲೆಕ್ಕ ಹಾಕ್ಬಹುದು. ಒಂದು ಬದಿಯದ್ದು ಮಾತ್ರ ಇದ್ರೆ ಏನೂ ಗೊತ್ತಾಗುದಿಲ್ಲ."

ನಾನು ನಿಂಬೆಹಣ್ಣನ್ನು ಕೆಳಗಿಟ್ಟೆ. "ಅಂದ್ರೆ ಎಕ್ಸ್‌ರೇ ಮೂಡುಬಿದಿರೆ ಬಿಟ್ಟದ್ದನ್ನು ಒಬ್ರು ಬರೀತಾರೆ. ಬೆಳಕು ಗುರುವಾಯನಕೆರೆ ಮುಟ್ಟಿದ್ದನ್ನು ನೀನು ಬರೀತೀಯ. ಎರಡು ಪುಸ್ತಕ ಒಟ್ಟಿಗೆ ಇಟ್ಟು ಓದುದು."

ನಿಶ್ಮಿತಾ ಸ್ಟಿಯರಿಂಗಿಗೆ ಬಡಿದಳು. "ಮಾವ! ಇಷ್ಟು ವರ್ಷದಲ್ಲಿ ಇಷ್ಟು ಸಲೀಸಾಗಿ ನಾನು ಯಾರಿಗೂ ಹೇಳಿಲ್ಲ!"

ಅವಳಿಗೆ ಖುಷಿ. ನನಗೆ ಮಾತ್ರ ಮೂಡುಬಿದಿರೆಯ ಹೆಸರು ನನ್ನ ಬಾಯಿಂದಲೇ ಬಂದದ್ದು ಬೇಡವಾಗಿತ್ತು. ಮುಂದಿನ ತಿರುವಿನಲ್ಲಿ ವಾಂತಿಯಾಯಿತು. ಅವಳು ಘಾಟಿಯ ತಪ್ಪು ಎಂದುಕೊಂಡಳು.

ಹಗಲು ಮಲಗುವ ಮನೆ

ಮೇಲೆ ಮೋಡಗಳು ನಮ್ಮ ಕಾಲ ಕೆಳಗೆ ಇದ್ದವು. ಬಿಳಿ ಗೋಪುರಗಳು ಅಲ್ಲೊಂದು ಇಲ್ಲೊಂದು. ಕೆಲಸದವರಿಗೆ ಉಳಿಯಲು ಒಂದು ಮನೆ. ಹಗಲು ಹನ್ನೊಂದು ಗಂಟೆಗೆ ಅಲ್ಲಿ ಎಲ್ಲರೂ ಮಲಗಿದ್ದರು. ಕಿಟಕಿಗೆಲ್ಲ ಕಪ್ಪು ಪರದೆ. ಯಕ್ಷಗಾನ ಮೇಳದವರು ರಾತ್ರಿಯ ಆಟ ಮುಗಿಸಿ ವೇಷ ಕಟ್ಟುವ ಚೌಕಿಯಲ್ಲಿ ಸಾಲಾಗಿ ಬಿದ್ದುಕೊಂಡಿರುತ್ತಾರಲ್ಲ, ಅದೇ ನೆನಪಾಯಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದೆ. ಆದರೆ ಚೀಲದಲ್ಲಿದ್ದ ಸ್ಟೀಲ್ ಲೋಟ ಜಾರಿ, ಉದ್ದದ ಕಲ್ಲುಹಾಸಿನ ಮೇಲೆ ಟಣ್ ಟಣ್ ಎಂದು ಕೊನೆಯವರೆಗೂ ಉರುಳಿತು. ಏಳೆಂಟು ಬಾಗಿಲು ತೆರೆದವು. ಏಳೆಂಟು ದೇಶದ ವಿಜ್ಞಾನಿಗಳನ್ನು ಒಂದೇ ಸಲ ಚಡ್ಡಿಯಲ್ಲಿ ನೋಡಿದವರು ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಬೇರೆ ಯಾರಿದ್ದಾರೋ ಗೊತ್ತಿಲ್ಲ.

ಸಂಜೆ ದೂರದರ್ಶಕ ನೋಡಿದೆ. ಕಣ್ಣಿಡುವ ತೂತು ಎಲ್ಲಿದೆ ಎಂದು ಸುತ್ತ ಹುಡುಕಿದೆ. ಇಲ್ಲವಂತೆ. ಎಲ್ಲ ಪರದೆಯ ಮೇಲೆ, ಅಂಕುಡೊಂಕು ಗೆರೆ. ಕ್ಯಾಮೆರಾ ನೋಡಿಕೊಳ್ಳುವವನು ಮಾನುವೆಲ್ ಎಂಬ, ಆ ದ್ವೀಪದವನೇ ಆದ ಗಡ್ಡದವ. ಗಾಜಿನ ಲೋಟದಲ್ಲಿ ಗಟ್ಟಿ ಹಾಲಿನ ಮೇಲೆ ಕಾಫಿ ಸುರಿದು ಕೊಡುತ್ತಿದ್ದ. ಆ ರಾತ್ರಿ ಉಪಗ್ರಹ ಭೂಮಿಯ ಹಿಂದೆ ಸರಿಯುವ ಮೊದಲು ಸಿಗುವ ಅರ್ಧ ಗಂಟೆಯಲ್ಲಿ ಅವನೂ ನಿಶ್ಮಿತಾಳೂ ಪರದೆ ಬಿಟ್ಟು ಏಳದೆ ಕೆಲಸ ಮಾಡಿದರು. ನಾನು ಕುರ್ಚಿಯಲ್ಲೇ ನಿದ್ದೆಹೋದೆ. ಅಷ್ಟು ದೂರ ಹೋಗಿ ಕಪ್ಪುಕುಳಿಯ ಹೊತ್ತಿನಲ್ಲಿ ನಾನು ಗೊರಕೆ ಹೊಡೆದೆನೆಂದು ನಿಶ್ಮಿತಾ ಈಗಲೂ ಹೇಳುತ್ತಾಳೆ.

ಎರಡು ಗಡಿಯಾರ

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಅವರ ಬೆಳಗಿನ ತಿಂಡಿ. ಸಿಪ್ಪೆಸಮೇತ ಉಪ್ಪಿನಲ್ಲಿ ಬೇಯಿಸಿ ಮುರುಟಿದ ಬಟಾಟೆ, ಕೆಂಪು ಮೆಣಸಿನ ಚಟ್ನಿ. ನಮ್ಮ ಬಾಯಿಗೆ ಆಗುತ್ತದೆ. ನಿಶ್ಮಿತಾ ಮಾತ್ರ ತಿನ್ನದೆ ಗೆರೆಗಳನ್ನೇ ನೋಡುತ್ತಿದ್ದಳು.

"ಬೆಳಕು ಮೊದಲು ಬರ್ತಾ ಉಂಟು ಮಾವ. ಎಕ್ಸ್‌ರೇಗಿಂತ ಹತ್ತಿರ ಹತ್ತಿರ ಒಂದು ಸೆಕೆಂಡ್ ಮೊದಲು. ಹೀಗೆ ಆಗ್ಲಿಕ್ಕೇ ಇಲ್ಲ. ಜಪಾನಿನಲ್ಲಿ ಯೂಕಿ ಅಂತ ಇದ್ದಾಳೆ. ಉಪಗ್ರಹದ ಲೆಕ್ಕ ನೋಡುವವಳು. ನಿನ್ನ ಗಡಿಯಾರ ಸರಿ ಇಲ್ಲ, ನೋಡು ಅಂತ ಮೊನ್ನೆಯೇ ಬರೆದಿದ್ದೇನೆ. ಪಾಪ, ಎರಡು ದಿನದಿಂದ ಹುಡುಕ್ತಾ ಇದ್ದಾಳೆ."

"ಮುಟ್ಟಿದ ಮೇಲೆ ಬಿಟ್ಟ ಹಾಗಾಯ್ತಲ್ಲ!"

"ಅದೇ."

ಅಷ್ಟರಲ್ಲಿ ಮಾನುವೆಲ್ ಬಂದು, ಬಾ ಎಂದು ಕೈ ಮಾಡಿದ. ನಾನೂ ಹಿಂದೆಯೇ ಹೋದೆ. ಕ್ಯಾಮೆರಾಕ್ಕೆ ಸಮಯ ಕೊಡುವ ಪೆಟ್ಟಿಗೆಯ ಪಕ್ಕದಲ್ಲಿ ಅವನು ಇನ್ನೊಂದು ಪೆಟ್ಟಿಗೆ ತಂದಿಟ್ಟಿದ್ದ. ಎರಡರಲ್ಲೂ ಅಂಕಿಗಳು ಓಡುತ್ತಿದ್ದವು. ಹೊಸದರಲ್ಲಿ ಹನ್ನೆರಡನೇ ಸೆಕೆಂಡ್ ಆದಾಗ ಹಳೆಯದರಲ್ಲಿ ಹನ್ನೊಂದನೆಯದು. ಕಸ ಗುಡಿಸುವಾಗ ಯಾರದೋ ಕಾಲಿಗೆ ವಯರು ಸಿಕ್ಕಿ ಎಳೆದುಹೋಗಿತ್ತಂತೆ. ಪುನಃ ಸಿಕ್ಕಿಸಿದಾಗ ಪೂರ್ತಿ ಒಂದು ಸೆಕೆಂಡ್ ಹಿಂದೆ ಉಳಿದಿತ್ತು. ತಪ್ಪು ಯೂಕಿಯದ್ದಲ್ಲ, ಇವರದ್ದು.

ನನ್ನ ಬಾಯಿಂದ ಯೋಚಿಸುವ ಮೊದಲೇ ಮಾತು ಬಂತು. "ಸರಿ ಮಾಡಿಬಿಡು. ಒಂದು ತಿರುಗಿಸಿದ್ರೆ ಆಯ್ತು. ಯಾರಿಗೆ ಗೊತ್ತಾಗ್ತದೆ?"

ನಿಶ್ಮಿತಾ ನಕ್ಕಳು. "ಇವತ್ತು ಸರಿ ಮಾಡಿದ್ರೆ ನಿನ್ನೆಯದ್ದು ಸರಿ ಆಗ್ತದಾ ಮಾವ?"

ಮಾನುವೆಲ್ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೊದಲು ಎರಡೂ ಗಡಿಯಾರ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದ. ಪುಸ್ತಕದಲ್ಲಿ ಬರೆದು ಸಹಿ ಹಾಕಿದ. ಆಮೇಲೆ ಸರಿಮಾಡಿದ. ನಿಶ್ಮಿತಾ ಅಲ್ಲೇ ನಿಂತು ಫೋನಿನಲ್ಲಿ ಬರೆದದ್ದನ್ನು ನನಗೆ ಕನ್ನಡದಲ್ಲಿ ಓದಿದಳು: "ಯೂಕಿ, ತಪ್ಪಿದ್ದು ನನ್ನ ಗಡಿಯಾರ. ನಿನ್ನದು ಮೊದಲಿನಿಂದಲೂ ಸರಿ ಇತ್ತು. ನಿನ್ನ ಎರಡು ದಿನ ಹಾಳು ಮಾಡಿದೆ, ಕ್ಷಮಿಸು." ಈ ಕೆಲಸದಲ್ಲಿರುವ ಎಲ್ಲರಿಗೂ ಅದರ ಪ್ರತಿ ಹೋಯಿತು.

ಚಟ್ನಿ ಆರುವ ಮೊದಲು ಉತ್ತರ ಬಂತು. ಯೂಕಿ ನಗುವ ಬೆಕ್ಕಿನ ಚಿತ್ರ ಹಾಕಿ, ಬಾಳೆಹಣ್ಣು ಕಳಿಸಿದರೆ ಕ್ಷಮಿಸುತ್ತೇನೆ ಎಂದಿದ್ದಳು. ಒಂದು ಸೆಕೆಂಡನ್ನು ಸೇರಿಸಿ ನೋಡಿದಾಗ ಎಕ್ಸ್‌ರೇ ಮೊದಲು, ಹತ್ತರಲ್ಲೊಂದು ಪಾಲು ಕಳೆದು ಬೆಳಕು. ಎರಡು ಗೆರೆಗಳೂ ಜೋಡಿ ಎತ್ತಿನ ಹಾಗೆ ಹಿಂದುಮುಂದಾಗಿ ನಡೆಯುತ್ತಿದ್ದವು. ಮಾನುವೆಲ್ ನಿಶ್ಮಿತಾಳನ್ನು ಎತ್ತಿ ಕುಣಿದ. ನನ್ನನ್ನೂ ಎತ್ತಲು ಬಂದ. ಸೊಂಟ ನೋವೆಂದು ತಪ್ಪಿಸಿಕೊಂಡೆ.

ಕ್ಷಮೆ ಕೇಳಲು ಅವಳಿಗೆ ಬೇಕಾದದ್ದು ನಿಂತ ನಿಲುವಿನಲ್ಲಿ ಮೂರು ಸಾಲು.

ಕಾಗೆಗಳ ಎದುರು

ಇಳಿಯುವ ದಿನ ಬೆಳಿಗ್ಗೆ ಬೆಟ್ಟದ ತುತ್ತತುದಿಯಲ್ಲಿ ಕುಳಿತೆವು. ಅಲ್ಲಿ ನಮ್ಮ ಕಾಡುಕಾಗೆಗಿಂತ ದೊಡ್ಡ ಕಪ್ಪು ಕಾಗೆಗಳಿವೆ. ಬಂದವರ ಎದುರು ನಡೆದುಬಂದು, ಕೈ ನೋಡುತ್ತಾ, ಸಾಲದ ಬಾಬ್ತು ಕೇಳುವವರ ಹಾಗೆ ನಿಲ್ಲುತ್ತವೆ. ಒಂದಕ್ಕೆ ಸಾಂತಾಣಿ ಹಾಕಿದೆ. ಅದು ಕೊಕ್ಕಿನಲ್ಲಿ ಕುಟ್ಟಿತು, ಕಲ್ಲಿಗೆ ಬಡಿಯಿತು, ನನ್ನನ್ನು ಸಿಟ್ಟಿನಿಂದ ನೋಡಿತು. ಅದರ ಎದುರು ನಾನು ನಿಶ್ಮಿತಾಳಿಗೆ ಮೂವತ್ತು ವರ್ಷ ಹಿಂದಿನದನ್ನು ಹೇಳಿದೆ.

ಆ ದಿನ ನನ್ನ ಕೈಗಡಿಯಾರ ನಿಂತಿತ್ತು. ಹಿಂದಿನ ಸಂಜೆ ಕೀಲಿ ಕೊಡಲು ಮರೆತಿದ್ದೆ. ಜೋರು ಮಳೆ. ಎದುರಿನ ಹೋಟೆಲಿನ ಗೋಡೆ ಗಡಿಯಾರ ನೋಡಿ ಮುಳ್ಳು ತಿರುಗಿಸಿ ಮೇಜಿಗೆ ಕೂತೆ. ಆ ಹೋಟೆಲಿನವರು ಗಡಿಯಾರವನ್ನು ಯಾವಾಗಲೂ ನಾಲ್ಕು ನಿಮಿಷ ಮುಂದೆ ಇಡುತ್ತಿದ್ದರು, ಚಹಾ ಕುಡಿಯುವವರಿಗೆ ಬಸ್ಸು ತಪ್ಪಬಾರದೆಂದು. ಅದು ಇಡೀ ಊರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅವಸರದಲ್ಲಿ ನೆನಪಾಗಲಿಲ್ಲ. ಆ ಬೆಳಿಗ್ಗೆ ಬಂದ ಬಸ್ಸುಗಳೆಲ್ಲ ನನ್ನ ಪುಸ್ತಕದಲ್ಲಿ ತಡವಾದವು. ಮಳೆಯಲ್ಲವೇ ಎಂದುಕೊಂಡೆ. ಮೂಡುಬಿದಿರೆ ಎಂಟು ಹತ್ತಕ್ಕೆ ಬಿಟ್ಟಿತೆಂದು ಅವರು ಬರೆದ ಬಸ್ಸು ಕೂಡ ನಾಲ್ಕು ನಿಮಿಷ ತಡ.

ಮಧ್ಯಾಹ್ನ ರೇಡಿಯೋದಲ್ಲಿ ವಾರ್ತೆಯ ಮೊದಲಿನ ಪಿಪ್ ಪಿಪ್ ಕೇಳಿದಾಗ ತಪ್ಪು ಗೊತ್ತಾಯಿತು. ಮುಳ್ಳನ್ನು ಹಿಂದೆ ತಿರುಗಿಸಿದೆ. ಪುಸ್ತಕವನ್ನು ಮುಟ್ಟಲಿಲ್ಲ. ಟೈಮ್ ಕೀಪರನ ಪುಸ್ತಕದಲ್ಲಿ ಗೀಟು ಹಾಕಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಆ ಬಸ್ಸಿನ ಹಿಂದಿನ ಬಸ್ಸಿನವರು ದೂರು ಕೊಟ್ಟರು: ಮುಂದಿನವನು ಮೂಡುಬಿದಿರೆಯಲ್ಲಿ ನಾಲ್ಕು ನಿಮಿಷ ಹೆಚ್ಚು ನಿಂತು ನಮ್ಮ ಜನರನ್ನು ಹತ್ತಿಸಿಕೊಂಡ, ಟೈಮ್ ಕೀಪರ್ ಏನೋ ಪಡೆದು ಎಂಟು ಹತ್ತು ಎಂದು ಸುಳ್ಳು ಬರೆದ. ಸಾಕ್ಷಿ ನನ್ನ ಪುಸ್ತಕ. ಮಾಲಕರ ಸಭೆ ಬಿ.ಸಿ. ರೋಡಿನಲ್ಲಿ, ಒಂದು ಹೋಟೆಲಿನ ಮಾಳಿಗೆಯಲ್ಲಿ. ಅವರು ಎದ್ದು ನಿಂತು ಒಂದೇ ಮಾತು ಹೇಳಿದರು: "ಎರಡು ವಾಚೂ ಒಟ್ಟಿಗೆ ಇಟ್ಟು ನೋಡುವ."

ನಾನು ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಹೆದರಿಕೆಯಿಲ್ಲದೆ ಇಟ್ಟೆ, ಯಾಕೆಂದರೆ ಸರಿಮಾಡಿ ಆರು ದಿನವಾಗಿತ್ತು. ಅವರದನ್ನು ಪಕ್ಕದಲ್ಲಿಟ್ಟರು. ಎರಡೂ ಸೆಕೆಂಡಿಗೆ ಸೆಕೆಂಡು ಕೂಡಿದವು. ವಾಚಿನ ತಪ್ಪಲ್ಲ, ಬರೆದವರದ್ದೇ ಎಂದಾಯಿತು. ಸಭೆಯಲ್ಲಿದ್ದವರೆಲ್ಲ ಅವರ ಮುಖ ನೋಡಿದರು. ಅವರು ನನ್ನ ಗಡಿಯಾರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಶೆಟ್ರೆ, ಇವತ್ತು ಸರಿ ಉಂಟು" ಎಂದರು. ಅದರ ಅರ್ಥ ಅಲ್ಲಿ ನನಗೊಬ್ಬನಿಗೇ ಆಯಿತು. ತಿಂಗಳ ಕೊನೆಗೆ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಬೇರೆಯವರು ಕೂತಿದ್ದರು. 'ಸುಳ್ಳು ಟೈಮಿನವ' ಎಂಬ ಹೆಸರು ಹೊತ್ತು ಅವರು ಗಲ್ಫಿಗೆ ಹೋದರೆಂದು ಕೇಳಿದೆ.

ಹೇಳಿ ಮುಗಿಸಿ ನಿಶ್ಮಿತಾಳ ಮುಖ ನೋಡಿದೆ. ಅಯ್ಯೋ ಪಾಪ ಮಾವ ಎನ್ನುತ್ತಾಳೆಂದು ಕಾದೆ. ಅವಳು ಅಂದದ್ದು ಬೇರೆ.

"ಇದನ್ನು ನನಗೆ ಹೇಳಿ ಏನು ಪ್ರಯೋಜನ? ನಾನು ಯೂಕಿ ಅಲ್ಲ."

ಕಾಗೆ ಸಾಂತಾಣಿಯನ್ನು ಬಿಟ್ಟು ಹಾರಿಹೋಯಿತು.

ಮೂಡುಬಿದಿರೆ

ಊರಿಗೆ ಬಂದ ಎರಡನೇ ವಾರ ದ್ವೀಪದಿಂದ ತಂದ ಬಾಳೆಹಣ್ಣಿನ ಜಾಮಿನ ಬಾಟಲಿ ಹಿಡಿದು ಬಸ್ಸು ಹತ್ತಿದೆ. ಅವರು ಗಲ್ಫಿನಿಂದ ಬಂದು ವರ್ಷಗಳಾಗಿವೆ, ಮೂಡುಬಿದಿರೆಯಲ್ಲೇ ಮಗಳ ಮನೆಯಲ್ಲಿದ್ದಾರೆ ಎಂದು ಗೊತ್ತಿತ್ತು. ದಾರಿಯುದ್ದಕ್ಕೂ ಮೂರು ಸಾಲು ಬಾಯಿಪಾಠ ಮಾಡಿದೆ.

ಜಗಲಿಯಲ್ಲಿ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ, "ಓ, ಗುರುವಾಯನಕೆರೆ! ಬನ್ನಿ ಬನ್ನಿ. ಇಷ್ಟು ಲೇಟಾ ಮಾರಾಯ್ರೆ?" ಎಂದು ನಕ್ಕರು. ಚಹಾ ಬಂತು, ತುಪ್ಪದ ಪತ್ತಿರಿ ಎಂಬ ಅಕ್ಕಿರೊಟ್ಟಿ ಬಂತು. ದ್ವೀಪದ ಕಥೆ ಹೇಳಿದೆ. 'ಪೋಯಿ ರೈಟ್' ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು. ಕಪ್ಪುಕುಳಿಯ ಕಥೆ ಹೇಳಿದೆ. ಒಂದು ಸೆಕೆಂಡ್ ಹಿಂದೆ ಉಳಿದ ಗಡಿಯಾರದ ಕಥೆಯನ್ನೂ ಹೇಳಿದೆ. ಯೂಕಿಯ ಹೆಸರು ಬರುವಾಗ ಅವರು ನಗುವುದನ್ನು ನಿಲ್ಲಿಸಿ, ನನ್ನ ಕೈಗಡಿಯಾರ ನೋಡಿದರು.

"ಅದೇ ವಾಚಾ ಶೆಟ್ರೆ? ಈಗ ಹೇಗುಂಟು?"

"ಸರಿ ಉಂಟು."

"ಇವತ್ತಾ?"

ಮುಖದಲ್ಲಿ ಕೋಪವಿರಲಿಲ್ಲ. ಬಾಗಿಲು ತೆರೆದು ಕೊಟ್ಟಿದ್ದರು, ನಾನು ಒಳಗೆ ಹೋದರೆ ಸಾಕಿತ್ತು. ನನ್ನ ಮೂರು ಸಾಲು ದವಡೆಯಲ್ಲಿ ಸಾಂತಾಣಿಯ ಹಾಗೆ ಕೂತವು. ಚಹಾ ಚೆನ್ನಾಗಿದೆ ಎಂದೆ. ಜಾಮಿನ ಬಾಟಲಿ ಕೊಟ್ಟೆ. ಐದು ಗಂಟೆಯ ಬಸ್ಸಿಗೆ ಹೊರಟೆ. ಅವರು ಗೇಟಿನವರೆಗೆ ಬಂದು, "ನಿಧಾನ ಹೋಗಿ, ಇನ್ನೂ ನಾಲ್ಕು ನಿಮಿಷ ಉಂಟು" ಎಂದರು.

ಬಸ್ಸಿನಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಹೊಳೆದದ್ದೋ, ಹೇಡಿಗೆ ಸಿಕ್ಕ ನೆವವೋ, ಓದುವವರು ತೀರ್ಮಾನಿಸಲಿ. ಜಗಲಿಯಲ್ಲಿ ಹೇಳಿದ್ದರೆ ಅದು ನಮ್ಮಿಬ್ಬರಲ್ಲೇ ಉಳಿಯುತ್ತಿತ್ತು. ನಾನು ಅವರನ್ನು ಸುಳ್ಳುಗಾರನನ್ನಾಗಿ ಮಾಡಿದ್ದು ಸಭೆಯಲ್ಲಿ, ಬರೆದ ಪುಸ್ತಕ ತೋರಿಸಿ. ಯೂಕಿಗೆ ಹೋದ ಪತ್ರದ ಪ್ರತಿ ಎಲ್ಲರಿಗೂ ಹೋಗಿತ್ತಲ್ಲ. ಆ ಸಭೆಯಲ್ಲಿದ್ದವರಲ್ಲಿ ನಾಲ್ಕೈದು ಮಂದಿ ಇನ್ನೂ ಇದ್ದಾರೆ, ಕೆಲವರ ಮಕ್ಕಳು ಈಗ ಬಸ್ ಓಡಿಸುತ್ತಿದ್ದಾರೆ. ಅವರೂ ಇದನ್ನು ಓದಲಿ. ಅಚ್ಚಾದ ಮೇಲೆ ಮೊದಲ ಪ್ರತಿ ಹಿಡಿದು ಅದೇ ಜಗಲಿಗೆ ಹೋಗುತ್ತೇನೆ. ಅಲ್ಲಿ ಬಾಯಿ ಬಾರದಿದ್ದರೆ ಈ ಪುಟ ತೆರೆದು ಕೊಡುತ್ತೇನೆ.

ನನ್ನ ಹಳೆಯ ಪುಸ್ತಕ ಈಗ ಎಲ್ಲೂ ಇಲ್ಲ. ಗೀಟು ಹಾಕಬೇಕಾದ ಸಾಲಿಗೆ ಇಲ್ಲೇ ಗೀಟು ಹಾಕುತ್ತೇನೆ. ಆ ದಿನ ಬೆಳಿಗ್ಗೆ ಗುರುವಾಯನಕೆರೆಯ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಅದು ಗುರುವಾಯನಕೆರೆಗೆ ಮಧ್ಯಾಹ್ನವೇ ಗೊತ್ತಿತ್ತು. ಬಸ್ಸು ಮೂಡುಬಿದಿರೆ ಬಿಟ್ಟದ್ದು ಎಂಟು ಗಂಟೆ ಹತ್ತು ನಿಮಿಷಕ್ಕೆ. ಸರಿಯಾಗಿ ಬರೆದವರು ಮೂಡುಬಿದಿರೆ ಸ್ಟ್ಯಾಂಡಿನ ಟೈಮ್ ಕೀಪರ್, ಹಸನಬ್ಬ.